ಅಕ್ಕ ಮಾಡಿದ ತೂಗುದೀಪ

ಟ್ಯೂಬ್‌ಲೈಟಿಲ್ಲದ ಮನೆಯೂ ಒಂದು ಮನೆಯೇ ಎಂದು ನಾನು ಊರೂರಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಎಪ್ಪತ್ತರ ದಶಕ. ಮಂಡ್ಯದಲ್ಲಿ ಹೊಸ ಬಡಾವಣೆಗಳು ಏಳುತ್ತಿದ್ದವು, ಸುತ್ತಲಿನ ಹಳ್ಳಿಗಳಿಗೆ ಒಂದೊಂದಾಗಿ ಕರೆಂಟು ಬರುತ್ತಿತ್ತು, ನಾನು ಮಳವಳ್ಳಿಯಿಂದ ಮಂಡ್ಯದವರೆಗೆ ಮನೆಗಳಿಗೆ ವೈರಿಂಗ್ ಮಾಡಿಕೊಂಡಿದ್ದೆ. ಜೇಬಿನಲ್ಲಿ ಟೆಸ್ಟರು, ಸೈಕಲ್ಲಿನ ಹಿಂದೆ ವೈರಿನ ಸುರುಳಿ, ಇಪ್ಪತ್ತಾರು ವರ್ಷ, ಮೂಗಿನ ತುದಿಯಲ್ಲಿ ಕೋಪ. ಯಾರಾದರೂ ವೈರು ಕೂರಿಸುವ ಆ ಮರದ ಪಟ್ಟಿ ಸ್ವಲ್ಪ ಸೊಟ್ಟಗಿದೆಯಲ್ಲ ಎಂದರೆ ಸಾಕು, ಹಾಗಾದರೆ ನೀವೇ ಹೊಡೆದುಕೊಳ್ಳಿ ಎಂದು ಏಣಿಯಿಂದ ಇಳಿದುಬಿಡುತ್ತಿದ್ದೆ. ನನ್ನ ಕೈಕೆಲಸದ ಬಗ್ಗೆ ನನಗೆ ಅಷ್ಟು ಗರ್ವ. ಈಗ ನೆನೆದರೆ ನಾಚಿಕೆಯಾಗುತ್ತದೆ. ನನಗಿಂತ ನೂರು ಪಾಲು ಒಳ್ಳೆಯ ಕೈ ನಮ್ಮ ಮನೆಯಲ್ಲೇ ಇತ್ತು. ಅದು ನನ್ನ ಅಕ್ಕನದು.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಅವಳನ್ನು ಮದ್ದೂರಿಗೆ ಕೊಟ್ಟಿದ್ದರು. ಭಾವ ಅಲ್ಲಿ ದೇವರ ಪಟಗಳಿಗೆ, ಮದುವೆ ಫೋಟೋಗಳಿಗೆ ಗಾಜು ಹಾಕಿ ಕಟ್ಟು ಕಟ್ಟುವ ಸಣ್ಣ ಅಂಗಡಿ ಇಟ್ಟಿದ್ದರು. ಮಧ್ಯಾಹ್ನ ಊಟ ಕೊಡಲು ಹೋಗುತ್ತಿದ್ದ ಅಕ್ಕ, ಅವರು ಉಣ್ಣುವಷ್ಟರಲ್ಲಿ ಕೂತು ಗಾಜು ಕೊಯ್ಯುವುದನ್ನು ಕಲಿತಳಂತೆ. ಬರಬರುತ್ತಾ ಗಿರಾಕಿಗಳೇ, ಅಮ್ಮನವರು ಕೊಯ್ದರೆ ಅಂಚು ಒಡೆಯುವುದಿಲ್ಲ, ಅವರ ಕೈಲೇ ಕೊಯ್ಯಿಸಿ ಎನ್ನುವಂತಾಯಿತು. ಮದುವೆಯಾದ ಏಳನೇ ವರ್ಷಕ್ಕೆ ಕಾಮಾಲೆ ತಿರುಗಿ ಭಾವ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಅಕ್ಕ ಮಳವಳ್ಳಿಯ ನಮ್ಮ ಮನೆಗೆ ವಾಪಸು ಬಂದಾಗ ಅವಳ ಟ್ರಂಕಿನಲ್ಲಿ ನಾಲ್ಕು ಸೀರೆ, ತುದಿಗೆ ವಜ್ರದ ಚೂರು ಕೂರಿಸಿದ ಗಾಜು ಕೊಯ್ಯುವ ಕಡ್ಡಿ, ಬೆಸುಗೆ ಹಾಕುವ ಕಬ್ಬಿಣ, ಇಷ್ಟೇ ಇದ್ದದ್ದು. ಅವ್ವ ಆ ಕಡ್ಡಿಯನ್ನು ನೋಡಿ ಅತ್ತರು. ಅಕ್ಕ ಅಳಲಿಲ್ಲ, ಅದನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟಳು.

ಅವಳು ಬಂದ ಮೂರ್ನಾಲ್ಕು ವರ್ಷಕ್ಕೆ ನಾನು ನಮ್ಮ ನಡುಮನೆಗೆ ಟ್ಯೂಬ್‌ಲೈಟು ಹಾಕಿದೆ. ನಮ್ಮ ಬೀದಿಗೆ ಅದೇ ಮೊದಲನೆಯದು. ಅಕ್ಕಪಕ್ಕದವರೆಲ್ಲ ಬಂದು ಬಾಯಿ ಬಿಟ್ಟುಕೊಂಡು ನೋಡಿಹೋದರು. ನಾನು ಎದೆ ಸೆಟೆಸಿಕೊಂಡು ಊಟಕ್ಕೆ ಕೂತೆ. ಬಡಿಸುತ್ತಿದ್ದ ಅಕ್ಕ ಒಮ್ಮೆ ಮೇಲೆ ನೋಡಿದಳು, ಒಮ್ಮೆ ನನ್ನ ತಟ್ಟೆ ನೋಡಿದಳು.

“ಏನ್ಲಾ ಇದು, ಮನೆ ಮಂದಿ ಮೊಕಕ್ಕೆಲ್ಲ ಸುಣ್ಣ ಬಳ್ದಂಗದೆ. ಮುದ್ದೆ ಸೈತ ನೀಲಿ ಕಾಣ್ತದೆ,” ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಕೈ ತೊಳೆದುಕೊಂಡೆ. ಆದರೆ ಹಾಳಾದ ಮಾತು ಕಿವಿಯಲ್ಲೇ ಉಳಿಯಿತು. ಮಾರನೆಯ ದಿನದಿಂದ ಯಾರ ಮನೆಯಲ್ಲಿ ಟ್ಯೂಬ್‌ಲೈಟು ಹಚ್ಚಿದರೂ ಮೊದಲು ಅವರ ಮುಖ ನೋಡುವಂತಾಯಿತು. ನಿಜವಾಗಿಯೂ ಸುಣ್ಣ ಬಳಿದ ಹಾಗೇ ಇತ್ತು.

ಕರೆಂಟು ಬಂದ ಊರಿನಲ್ಲಿ ಜನ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಹಳೆಯ ದೀಪಗಳನ್ನೆಲ್ಲ ಗುಜರಿಗೆ ಹಾಕುವುದು. ಲಾಟೀನು, ಗೋಡೆಗೆ ನೇತುಹಾಕುವ ಚಿಮಣಿ, ದೊಡ್ಡ ಮನೆಗಳ ಪಡಸಾಲೆಯಲ್ಲಿ ಸರಪಳಿಯಿಂದ ಇಳಿಬಿಡುತ್ತಿದ್ದ ಗಾಜಿನ ತೂಗುದೀಪ, ಎಲ್ಲವೂ ಮದ್ದೂರಿನ ಗುಜರಿ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಭಾವನ ಅಂಗಡಿ ಇದ್ದ ಬೀದಿಯಲ್ಲೇ ಆ ಗುಜರಿ ಅಂಗಡಿ. ಅಕ್ಕ ಯಾವುದೋ ಕೆಲಸಕ್ಕೆ ಮದ್ದೂರಿಗೆ ಹೋದವಳು ಸಂಜೆ ಬಸ್ಸಿನಲ್ಲಿ ತೂಗುದೀಪವೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ನಾಲ್ಕು ಮುಖ, ಹಿತ್ತಾಳೆ ಚೌಕಟ್ಟು, ಮೂರು ಕಡೆ ಗಾಜಿಲ್ಲ, ಹೊಟ್ಟೆ ತುಂಬ ಮಸಿ. ಹುಣಸೆಹಣ್ಣು ಬೂದಿ ಹಾಕಿ ಎರಡು ದಿನ ಉಜ್ಜಿದಳು. ಒಳಗಿನ ಎಣ್ಣೆ ಬಟ್ಟಲು ತೆಗೆದು, ಅಲ್ಲಿ ಬಲ್ಬು ಕೂರಿಸಿಕೊಡು ಎಂದು ನನ್ನ ಮುಂದಿಟ್ಟಳು.

ನಾನು ಹಾರಾಡಿದೆ. ಹೊಸ ಮನೆಗಳಿಗೆ ಹೊಸ ಲೈಟು ಹಾಕುವವನು ನಾನು, ನನ್ನ ಮನೆಯಲ್ಲೇ ಗುಜರಿ ದೀಪ ತೂಗಿದರೆ ಜನ ನಗುವುದಿಲ್ಲವೇ ಎಂದೆ. ಅವಳು ಹೋಲ್ಡರನ್ನು ನನ್ನ ಕೈಗಿಟ್ಟಳು. ಕೊನೆಗೆ ಗೊಣಗುತ್ತಲೇ ಕೂರಿಸಿದೆ. ಮೇಲಿನ ಕಿಂಡಿಯಿಂದ ಹುಳ ಹುಪ್ಪಟೆ ಬೀಳುತ್ತವೆಂದು ನನ್ನ ಬುದ್ಧಿ ಓಡಿಸಿ ಅದಕ್ಕೊಂದು ತಗಡು ಮುಚ್ಚಿದೆ. ಮುಚ್ಚಬೇಡ ಎಂದು ಅವಳು ಹೇಳಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಾನು ಕೇಳಿದರೆ ತಾನೆ? ನೂರು ಕ್ಯಾಂಡಲ್ಲಿನ ಬಲ್ಬು ಹಾಕಿ ಸ್ವಿಚ್ಚು ಒತ್ತಿದೆ. ಗಂಟೆಯೊಳಗೆ ಕಾವು ಹೆಚ್ಚಿ ಅವಳು ಕೊಯ್ದು ಕೂರಿಸಿದ್ದ ಗಾಜು ಪಟ್ ಎಂದು ಸೀಳಿತು.

ಅವಳು ಬೈಯಲಿಲ್ಲ. ತಗಡು ಕಿತ್ತುಹಾಕಿ, “ಅಳೇ ಕಾಲ್ದೋರು ತಲೆ ಮೇಲೆ ಕಿಂಡಿ ಬುಟ್ಟಿರೋದು ಒಗೆ ಓಗಕ್ಕೆ ಮಾತ್ರ ಅಲ್ಲ ಕಣ್ಲಾ, ಕಾವು ಓಗಕ್ಕೆ. ಅವ್ರೇನು ದಡ್ರಾ?” ಎಂದಳು ಅಷ್ಟೆ.

ಮತ್ತೆ ಗಾಜು ಕೊಯ್ದಳು. ನಲವತ್ತು ಕ್ಯಾಂಡಲ್ಲಿನ ಬಲ್ಬು ಸಾಕೆಂದಳು. ಕಿಟಕಿಯ ಮೇಲ್ಗಡೆಗೆ ಹಾಕುತ್ತಿದ್ದ ಹಳೆಯ ಬಣ್ಣದ ಗಾಜುಗಳ ಚೂರುಗಳನ್ನು ಗುಜರಿಯಿಂದಲೇ ತಂದು, ಪ್ರತಿ ಮುಖದ ಅಂಚಿಗೆ ಬೆರಳಗಲದ ಒಂದು ಹಳದಿ ಪಟ್ಟಿ, ಮೂಲೆಗೊಂದು ಕೆಂಪು ಚೂರು ಕೂರಿಸಿದಳು. ಆ ಸಂಜೆ ಟ್ಯೂಬ್‌ಲೈಟು ಆರಿಸಿ ಇದನ್ನು ಹಾಕಿದೆವು. ಗೋಡೆಯ ಸುಣ್ಣ ಬೆಣ್ಣೆಯ ಬಣ್ಣಕ್ಕೆ ತಿರುಗಿತು. ಅವ್ವನ ಮುಖದ ಸುಕ್ಕುಗಳು ಕಂಡವು, ಆದರೆ ಚೆಂದವಾಗಿ ಕಂಡವು. ಆ ಹೆಣ್ಣುಮಗಳ ಕೈಗೆ ಬಂಗಾರದ ಕಡಗ ತೊಡಿಸಬೇಕೆನ್ನಿಸಿತು, ಹೇಳಲು ಬಿಗುಮಾನ ಬಿಡಲಿಲ್ಲ.

ಜನ ನಗಲಿಲ್ಲ. ನಮ್ಮ ಮನೆಗೆ ಕೆಲಸದ ಮಾತಿಗೆ ಬಂದವರು ಮೇಲೆ ನೋಡಿಕೊಂಡೇ ನಿಲ್ಲುತ್ತಿದ್ದರು. ಗೆಜ್ಜಲಗೆರೆಯಲ್ಲಿ ತಾರಸಿ ಮನೆ ಕಟ್ಟಿಸುತ್ತಿದ್ದವರೊಬ್ಬರು, ಇಂಥದ್ದೇ ನನಗೂ ಒಂದು ಬೇಕು ಎಂದರು. ಆಮೇಲೆ ವೈದ್ಯನಾಥಪುರದ ಅರ್ಚಕರ ಮನೆ, ಮದ್ದೂರಿನಲ್ಲೇ ಎರಡು ಮನೆ. ಹೊಸ ಮನೆಗೆ ಹಳೆಯ ಕಾಲದ ದೀಪ ಬೇಕೆಂದು ಕೇಳುವವರು ಇದ್ದಾರೆಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅಕ್ಕ ಒಂದು ದೀಪದ ಹಾಗೆ ಇನ್ನೊಂದನ್ನು ಮಾಡುತ್ತಿರಲಿಲ್ಲ. ಮನೆಯ ಸೂರು ಎಷ್ಟು ಎತ್ತರ, ಗೋಡೆಗೆ ಯಾವ ಬಣ್ಣ, ದೀಪದ ಕೆಳಗೆ ಯಾರು ಕೂರುತ್ತಾರೆ, ಓದುವವರೋ ಎಲೆ ಅಡಿಕೆ ಹಾಕಿಕೊಂಡು ಮಾತಾಡುವವರೋ, ಎಲ್ಲ ಕೇಳುತ್ತಿದ್ದಳು. ನಾನು ಅಳತೆ ತಂದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಸುತ್ತಲೂ ನಡೆದು ನೋಡಿ, ಆಮೇಲೆ ಗಾಜಿಗೆ ಕೈ ಹಾಕುತ್ತಿದ್ದಳು.

ಆದರೆ ಅವಳು ಮಾಡಿದ ಒಂದು ದೀಪವನ್ನೂ ಅದು ಸೇರಿದ ಮನೆಯಲ್ಲಿ ಅವಳು ಕಂಡಿರಲಿಲ್ಲ. ಹೊಸ ದೀಪ ಮೊದಲು ಹತ್ತುತ್ತಿದ್ದುದು ಗೃಹಪ್ರವೇಶದ ದಿನ. ಮುತ್ತೈದೆಯರು ದೀಪ ಹಚ್ಚುವ ಹೊತ್ತಿನಲ್ಲಿ ಗಂಡ ಸತ್ತವಳು ಎದುರಿಗೆ ನಿಲ್ಲಬಾರದು. ಕರೆದವರಿಗೆ ಅವಳೇ ಏನಾದರೂ ನೆಪ ಹೇಳುತ್ತಿದ್ದಳು, ಕರೆದವರೂ ಎರಡನೇ ಸಲ ಕರೆಯುತ್ತಿರಲಿಲ್ಲ. ನಾನು ದೀಪ ತೂಗಿ, ಹಚ್ಚಿ, ಊಟ ಮಾಡಿ ಬರುತ್ತಿದ್ದೆ. ಬಂದ ಕೂಡಲೇ ಕೇಳುತ್ತಿದ್ದಳು. ಹತ್ತಿದಾಗ ಜನ ಮೇಲೆ ನೋಡಿದರಾ? ಮೂಲೆಯ ಕೆಂಪು ಗೋಡೆಗೆ ಬಿತ್ತಾ? ಕೈ ಮುಗಿದರಾ? ನಮ್ಮ ಕಡೆ ಸಂಜೆ ದೀಪ ಹತ್ತಿದ ಕೂಡಲೇ ಕೈ ಮುಗಿಯುತ್ತಾರೆ, ಎಣ್ಣೆ ದೀಪವಾದರೂ ಸರಿ, ಬಲ್ಬಾದರೂ ಸರಿ. ನಾನು ಚೆನ್ನಾಗಿತ್ತು ಬಿಡು ಎನ್ನುತ್ತಿದ್ದೆ. ನನ್ನಂಥ ಕತ್ತೆಗೆ ಅದಕ್ಕಿಂತ ಹೆಚ್ಚು ಹೇಳಲು ಬರುತ್ತಿರಲಿಲ್ಲ.

ಅರ್ಚಕರ ಮನೆಯಿಂದ ಬಂದ ದಿನವೂ ಹಾಗೇ ಹೇಳಿದೆ. ಅಕ್ಕ ರಾಗಿ ಕೇರುತ್ತಾ ಕೂತಿದ್ದಳು. ಮೊರವನ್ನು ಕೆಳಗಿಟ್ಟಳು.

“ಒಂದೇ ಒಂದ್ಸಲ ಕಣ್ಲಾ. ನಾನ್ ಮಾಡಿದ್ ದೀಪ ಮೊದ್ಲು ಅತ್ತೋದ್ನ ಜನದ ನಡುವೆ ನಿಂತ್ಕೊಂಡು ನೋಡ್ಬೇಕು ಅಂತ ಆಸೆ. ನಮ್ಮಂಥೋರ್ಗೆ ಅದೆಲ್ಲ ಯಾಕೆ, ಬುಡು,” ಎಂದು ಮತ್ತೆ ಮೊರ ಎತ್ತಿಕೊಂಡಳು.

ಅವಳು ಯಾವತ್ತೂ ನನ್ನ ಹತ್ತಿರ ಏನೂ ಕೇಳಿದವಳಲ್ಲ. ಇವರ ಶಾಸ್ತ್ರಕ್ಕಿಷ್ಟು ಬೆಂಕಿ ಹಾಕ ಎಂದು ಮನಸ್ಸಿನಲ್ಲೇ ಬೈದುಕೊಂಡು, ಇದನ್ನು ಮಾಡಿಯೇ ತೀರುತ್ತೇನೆಂದು ಹಟ ಹಿಡಿದೆ.

ಮಂಡ್ಯದ ಮೇಷ್ಟ್ರೊಬ್ಬರು ಮನೆ ಕಟ್ಟಿಸುತ್ತಿದ್ದದ್ದು ಆಗಲೇ. ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವರು, ಹುಟ್ಟೂರು ಯಲಿಯೂರು, ಒಕ್ಕಲು ಮನೆತನ. ವೈರಿಂಗ್ ನನ್ನದೇ. ನಡುಮನೆಗೆ ಅಕ್ಕನ ದೀಪವೇ ಬೇಕೆಂದು ಅವರೇ ಬಾಯಿಬಿಟ್ಟು ಕೇಳಿದರು. ತಾರಸಿಗೆ ಕಾಂಕ್ರೀಟು ಸುರಿಯುವಾಗಲೇ ನಟ್ಟ ನಡುವೆ ಕಬ್ಬಿಣದ ಕೊಕ್ಕೆ ಬಿಡಿಸಿದೆ. ಸ್ವಿಚ್ಚನ್ನು ಮಾತ್ರ, ಎಲ್ಲರೂ ಇಡುವ ಹಾಗೆ ಮುಂಬಾಗಿಲ ಪಕ್ಕ ಇಡದೆ, ಅಡುಗೆಮನೆಯ ಒಳಗೋಡೆಗೆ ಕೂರಿಸಿದೆ. ಬೇಕೆಂದೇ ಮಾಡಿದ್ದು. ಶುಭಕಾರ್ಯದ ಮನೆಗೆ ಬಂದ ವಿಧವೆಯರು ಅಡುಗೆಮನೆಯಲ್ಲೇ ಇರುತ್ತಾರಲ್ಲ, ಅಕ್ಕ ಅಲ್ಲೇ ನಿಂತು ಅವಳ ದೀಪವನ್ನು ಅವಳ ಕೈಯಿಂದಲೇ ಹಚ್ಚಲಿ, ಯಾವ ಪುರೋಹಿತನಿಗೂ ಕಾಣುವುದಿಲ್ಲ ಎಂಬುದು ನನ್ನ ಲೆಕ್ಕ. ಮೇಷ್ಟ್ರು ನೋಡಿ ಮಂಗಳಾರತಿ ಎತ್ತಿದರು. ನಡುಮನೆಯ ಲೈಟಿಗೆ ಅಡುಗೆಮನೆಯಲ್ಲಿ ಸ್ವಿಚ್ಚಿಡುವ ಕಸುಬನ್ನು ಎಲ್ಲಿ ಕಲಿತೆಯಪ್ಪ ಎಂದರು. ಬೇರೆ ಯಾರಾದರೂ ಆಗಿದ್ದರೆ ಏಣಿ ಬಿಟ್ಟು ಹೊರಟುಬಿಡುತ್ತಿದ್ದೆ. ಅಂದು ಮಾತ್ರ ತಲೆ ತಗ್ಗಿಸಿ, ಲೈನು ಈ ಕಡೆಯಿಂದ ಬರುವುದು ಸಲೀಸು ಸಾರ್ ಎಂದು ಸುಳ್ಳು ಹೇಳಿದೆ.

ಆ ದೀಪಕ್ಕೆ ಅಕ್ಕ ಒಂದೂವರೆ ತಿಂಗಳು ತೆಗೆದುಕೊಂಡಳು. ಆರು ಮುಖದ ದೀಪ. ಆರು ಮೂಲೆ ಒಂದಕ್ಕೊಂದು ಕೂಡುವಂತೆ ಗಾಜು ಕೊಯ್ಯುವುದು ಸಾಮಾನ್ಯವಲ್ಲ, ಒಂದು ಕಡೆ ನೂಲಿನಷ್ಟು ತಪ್ಪಿದರೂ ಆರನೆಯದು ಕೂರುವುದಿಲ್ಲ. ಅವಳು ಗೆರೆ ಎಳೆಯುವಾಗ ಉಸಿರು ಹಿಡಿಯುತ್ತಿದ್ದಳು, ಎಳೆದ ಮೇಲೆ ಒಂದು ಸಣ್ಣ ಕುಟ್ಟು, ಗಾಜು ಬಾಳೆಲೆ ಸೀಳಿದಷ್ಟು ನೀಟಾಗಿ ಎರಡಾಗುತ್ತಿತ್ತು. ನಾನು ಕೆಲಸದಿಂದ ಬಂದು ಕಾಲು ತೊಳೆಯುವುದನ್ನೂ ಮರೆತು ನೋಡುತ್ತಾ ಕೂತುಬಿಡುತ್ತಿದ್ದೆ. ಮೇಷ್ಟ್ರು ಓದುವವರೆಂದು ಕೆಳಗಿನ ಗಾಜನ್ನು ತಿಳಿಯಾಗಿ ಬಿಟ್ಟು, ಕಣ್ಣಿಗೆ ಬಲ್ಬು ಚುಚ್ಚದಿರಲೆಂದು ಸುತ್ತಲಿನ ಗಾಜುಗಳನ್ನು ಮರಳಿನಲ್ಲಿ ತಿಕ್ಕಿ ಮಬ್ಬು ಮಾಡಿದ್ದಳು. ಅಂಚಿನ ಹಳದಿ ಪಟ್ಟಿ, ಮೂಲೆಯ ಕೆಂಪು ಚೂರು ಮಾತ್ರ ಎಂದಿನಂತೆಯೇ. ಯಾವ ಇಂಜಿನಿಯರು ಹೇಳಿಕೊಟ್ಟಿದ್ದ ಅವಳಿಗೆ? ಮೂರನೇ ಕ್ಲಾಸು ಓದಿದವಳು.

ಗೃಹಪ್ರವೇಶದ ಹಿಂದಿನ ದಿನ ದೀಪವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋಗಿ ಮೇಷ್ಟ್ರ ಮನೆಯಲ್ಲಿಟ್ಟು ಬಂದೆ. ಬಂದು, ದಾರಿಯಲ್ಲಿ ಒಂದು ಗಾಜು ಸಡಿಲವಾಗಿದೆ, ನನ್ನ ಕೈಲಾಗುವುದಿಲ್ಲ, ನೀನೇ ಬರಬೇಕು ಎಂದು ಅಕ್ಕನಿಗೆ ಹೇಳಿದೆ. ಅದೂ ಸುಳ್ಳು. ಅವಳಿಗೆ ಬೇರೇನು ಹೇಳಿದ್ದರೂ ಬರುತ್ತಿರಲಿಲ್ಲ, ಗಾಜೆಂದರೆ ಬಂದಳು. ಬೆಳಗಿನ ಬಸ್ಸಿಗೆ ಹೊರಟು ಮಂಡ್ಯ ಸೇರಿದಾಗ ಗೃಹಪ್ರವೇಶ ಮುಗಿದು, ಸಂಜೆಯ ಸತ್ಯನಾರಾಯಣ ಪೂಜೆಗೆ ಅಣಿ ಮಾಡುತ್ತಿದ್ದರು. ಅಕ್ಕ ಹಿತ್ತಲ ಬಾಗಿಲಿನಿಂದ ಬಂದು, ದೀಪ ತರಿಸಿಕೊಂಡು, ಆರೂ ಗಾಜು ಒತ್ತಿ ನೋಡಿ, ಎಲ್ಲಿ ಸಡಿಲವಾಗಿದೆ ಎಂದು ನನ್ನ ಮುಖ ನೋಡಿದಳು. ನಾನು ಮುಖ ತಿರುಗಿಸಿಕೊಂಡು ಏಣಿ ತರಲು ಹೋದೆ.

ಊಟ ಮಾಡದೆ ಹೋಗಕೂಡದೆಂದು ಮೇಷ್ಟ್ರ ಹೆಂಡತಿ ಅವಳನ್ನು ಹಿಡಿದು ನಿಲ್ಲಿಸಿದರು. ಅಡುಗೆಮನೆಯಲ್ಲಿ ಮೇಷ್ಟ್ರ ತಾಯಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಎಪ್ಪತ್ತು ದಾಟಿದ ಮುದುಕಿ, ಅವರೂ ಗಂಡನನ್ನು ಕಳೆದುಕೊಂಡವರೇ. ಮಗ ಕಟ್ಟಿದ ಮನೆಯ ಪೂಜೆಗೆ ಬೆಳಗಿನಿಂದ ಒಮ್ಮೆಯೂ ಹೊರಗೆ ಬಂದಿರಲಿಲ್ಲ. ಯಾರೂ ತಡೆದಿರಲಿಲ್ಲ, ಅವರೇ ತಮ್ಮನ್ನು ತಡೆದುಕೊಂಡಿದ್ದರು. ಅಕ್ಕನನ್ನು ನೋಡಿ ಮಣೆ ಸರಿಸಿದರು. ನೀನೂ ನಾನೂ ಇಲ್ಲೇ ಕೂತಿರೋಣ ಮಗಾ, ಪೂಜೆ ಮುಗಿಯಲಿ ಎಂದರು. ಕರೆಂಟು ಇರುವ ಮನೆಗೆ ಸೀಮೆಎಣ್ಣೆ ಕಾಲದ ದೀಪ ಯಾಕೋ ಎಂದು ಮಗನಿಗೆ ಹೇಳಿದೆ, ಅವನು ಕೇಳಲಿಲ್ಲ ಎಂದೂ ಸೇರಿಸಿದರು. ಅಕ್ಕ ನಕ್ಕು ತುರಿಯುವ ಮಣೆಯನ್ನು ಅವರ ಕೈಯಿಂದ ತೆಗೆದುಕೊಂಡಳು.

ಹೊತ್ತು ಮುಳುಗುತ್ತಿದ್ದಂತೆ ನಡುಮನೆ ನೆಂಟರಿಂದ ತುಂಬಿತು. ಪುರೋಹಿತರು ದೀಪ ಹಚ್ಚಿರಮ್ಮ ಎಂದರು. ಮೇಷ್ಟ್ರ ಹೆಂಡತಿ ದೇವರ ಮುಂದಿನ ಎಣ್ಣೆ ದೀಪ ಹಚ್ಚಿದರು. ಮೇಷ್ಟ್ರು ನನ್ನ ಕಡೆ ತಿರುಗಿ, ಇನ್ನು ನಿನ್ನ ಲೈಟು ಹಾಕಪ್ಪ ಎಂದರು. ನಾನು ಅಡುಗೆಮನೆಗೆ ಹೋದೆ. ಗೋಡೆಯ ಸ್ವಿಚ್ಚು ತೋರಿಸಿ, ಇದು ನಿನ್ನ ದೀಪದ ಸ್ವಿಚ್ಚು, ನಿನಗೆಂದೇ ಇಲ್ಲಿ ಇಟ್ಟದ್ದು, ಒತ್ತಕ್ಕ ಎಂದು ಅಕ್ಕನಿಗೆ ಮೆತ್ತಗೆ ಹೇಳಿದೆ.

ಅಕ್ಕ ಒಮ್ಮೆ ಸ್ವಿಚ್ಚು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತು.

“ಲೇ ದಡ್ಡ, ನೋಡ್ಬೇಕು ಅಂದಿದ್ದೆ ಕಣ್ಲಾ ನಾನು. ಅಚ್ಬೇಕು ಅಂತ ಯಾವಾಗ ಅಂದೆ? ಇಲ್ಲಿ ಗೋಡೆ ಕಡೆ ಮೊಕ ಮಾಡ್ಕೊಂಡು ಒತ್ತಿದ್ರೆ ನಂಗೇನ್ ಕಾಣ್ತದೆ?”

ನಾನು ನಿಂತಲ್ಲೇ ಇಂಗಿಹೋದೆ. ಅಷ್ಟು ತಿಂಗಳ ನನ್ನ ಯೋಚನೆಯಲ್ಲಿ ಈ ಒಂದು ಸಂಗತಿ ಹೊಳೆದಿರಲಿಲ್ಲ. ಅಲ್ಲಿಂದ ದೀಪವೇ ಕಾಣುತ್ತಿರಲಿಲ್ಲ. ಅವಳ ಆಸೆ ಏನೆಂದು ಅವಳ ಬಾಯಿಂದಲೇ ಕೇಳಿ, ನಾನು ನನ್ನ ಆಸೆಗೆ ಸ್ವಿಚ್ಚು ಇಟ್ಟಿದ್ದೆ. ಹೊರಗಿನಿಂದ ಮೇಷ್ಟ್ರು ಏನಾಯಿತಪ್ಪ ಎಂದು ಕೂಗಿದರು.

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೋಗಿ ಮುದುಕಿಯ ತೋಳು ಹಿಡಿದು ಎಬ್ಬಿಸಿದಳು. ಸ್ವಿಚ್ಚಿನ ಹತ್ತಿರ ನಡೆಸಿಕೊಂಡು ಬಂದು, ಮಗ ಕಟ್ಟಿದ ಮನೆ, ನಾನು ಮಾಡಿದ ದೀಪ, ನೀನೇ ಒತ್ತವ್ವ ಎಂದಳು. ಮುದುಕಿ ಕೈ ಹಿಂದಕ್ಕೆಳೆದುಕೊಂಡು, ಬೇಡ ಕಣವ್ವ, ನಾವು ಮುಟ್ಟಬಾರದು, ಹುಡುಗರಿಗೆ ಒಳ್ಳೆಯದಾಗುವುದಿಲ್ಲ ಎಂದರು.

“ನೀನು ಅವ್ನ ಎತ್ತು ಸಾಕ್ದೆ ಇದ್ರೆ ಆ ಮಗ ಎಲ್ಲಿದ್ದ, ಈ ಮನೆ ಎಲ್ಲಿತ್ತು? ನಿನ್ ಕೈಯಿಂದ ಅವ್ನಿಗೆ ಕೆಟ್ಟದಾಯ್ತದಾ?” ಎಂದಳು ಅಕ್ಕ.

ಮುದುಕಿ ಅವಳ ಮುಖವನ್ನೇ ನೋಡಿದರು. ಬೆರಳಿಗೆ ಅಂಟಿದ್ದ ಕಾಯಿ ತುರಿಯನ್ನು ಸೀರೆಗೆ ಒರೆಸಿಕೊಂಡು, ಕಣ್ಣು ಮುಚ್ಚಿ, ಸ್ವಿಚ್ಚು ಒತ್ತಿದರು.

ಅಡುಗೆಮನೆಯ ಬಾಗಿಲಿಗೆ ಜೇನುತುಪ್ಪದ ಬಣ್ಣದ ಬೆಳಕು ಬಂದು ಬಿತ್ತು. ಅಕ್ಕ ಹೊಸ್ತಿಲವರೆಗೆ ಹೋಗಿ ಬಗ್ಗಿ ನೋಡಿದಳು. ಅಷ್ಟೂ ಜನ ತಲೆಯೆತ್ತಿ ಕೈ ಮುಗಿದು ನಿಂತಿದ್ದರು. ಆದರೆ ದೀಪ ಒಂದು ಕಡೆಗೆ ಸ್ವಲ್ಪ ವಾಲಿತ್ತು, ಆತುರದಲ್ಲಿ ತೂಗಿದಾಗ ಸರಪಳಿಯ ಕೊಂಡಿಯೊಂದು ತಿರುಚಿಕೊಂಡಿತ್ತು. ಅದನ್ನು ಕಂಡದ್ದೇ ಅಕ್ಕನಿಗೆ ಬೇರೆಲ್ಲ ಮರೆತುಹೋಯಿತು. ಹೊಸ್ತಿಲು ದಾಟಿ, ಜನರ ನಡುವೆ ನುಗ್ಗಿ, ದೀಪದ ಕೆಳಗೆ ಬಂದು ನಿಂತು, ಕೈ ಮೇಲೆತ್ತಿ ಹಿತ್ತಾಳೆಯ ಅಂಚು ಹಿಡಿದು ಮೆಲ್ಲಗೆ ತಿರುಗಿಸಿದಳು. ಕೊಂಡಿ ಬಿಡಿಸಿಕೊಂಡಿತು, ದೀಪ ನೆಟ್ಟಗಾಯಿತು, ಗೋಡೆಗಳ ಮೇಲೆ ಆರು ಕೆಂಪು ಚುಕ್ಕಿಗಳು ತೂಗಾಡಿ ನಿಂತವು.

ಆಗ ಅವಳಿಗೆ ತಾನು ನಿಂತಿರುವ ಜಾಗ ಗೊತ್ತಾಯಿತು. ಎದುರಿಗೆ ದೇವರ ಮಂಟಪ, ಪುರೋಹಿತರು, ಸುತ್ತ ಅರಿಶಿನ ಕುಂಕುಮದ ಹೆಂಗಸರು. ಅವಳ ಮುಖ ಬಿಳಿಚಿತು. ಸೆರಗು ಎಳೆದುಕೊಂಡು ಹಿಂದಕ್ಕೆ ಹೆಜ್ಜೆಯಿಟ್ಟಳು. ಯಾರಾದರೂ ಒಂದು ಮಾತಾಡಿದ್ದರೆ ನಾನು ಅಲ್ಲೇ ಜಗಳಕ್ಕೆ ಬೀಳುತ್ತಿದ್ದೆ, ಆಣೆಯಾಗಿಯೂ.

ಮಾತಾಡಿದ್ದು ಮುದುಕಿ. ಗೋಡೆ ಹಿಡಿದುಕೊಂಡು ಅಡುಗೆಮನೆಯಿಂದ ಹೊರಗೆ ಬಂದಿದ್ದರು.

“ಯಾಕವ್ವ ಇಂದಕ್ಕೆ ಓಯ್ತೀಯೆ? ಮಾಡ್ದೋಳು ನೀನು, ಅಚ್ಚಿದೋಳು ನಾನು. ನಿಂತ್ಕೊ ಮಗಾ. ಇಬ್ರೂ ನೋಡಾನ.”

ಬಂದು ಅಕ್ಕನ ಕೈ ಹಿಡಿದುಕೊಂಡರು. ಮೇಷ್ಟ್ರು ಬಂದು, ಬಗ್ಗಿ ತಾಯಿಯ ಕಾಲು ಮುಟ್ಟಿದರು. ಪುರೋಹಿತರು ಗಂಟಲು ಸರಿಮಾಡಿಕೊಂಡು ಕಥೆ ಓದಲು ಶುರುಮಾಡಿದರು. ಪೂಜೆ ಮುಗಿಯುವವರೆಗೂ ಅವರಿಬ್ಬರೂ ಆ ಬೆಳಕಿನ ಕೆಳಗೇ ನಿಂತಿದ್ದರು.